ಕ್ಯೂಆರ್ ಕೋಡ್ ಅಂಟಿಸಿದರೆ ಸಾಕೇ?

ಸಂಘ, ಟ್ರಸ್ಟ್ ನಡೆಸುವ ಓದುಗರಿಂದ ಹಣ ಹೊಂದಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಪುಟಗಳು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಸೆಕ್ಷನ್, ಫಾರ್ಮುಗಳ ಸಂಖ್ಯೆಗಳು ಬದಲಾಗುತ್ತವೆ. ಇಲ್ಲಿ ಎಲ್ಲರ ಬಾಯಲ್ಲಿರುವ ಹಳೆಯ ಹೆಸರುಗಳನ್ನೇ ಬಳಸಿದ್ದೇವೆ. ಫಾರ್ಮ್ ತುಂಬುವ ದಿನ ಹೊಸ ಸಂಖ್ಯೆ ಯಾವುದೆಂದು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ.

ಪ್ರಶ್ನೆ: ನಮ್ಮದು ಹಳ್ಳಿ ಮಕ್ಕಳಿಗಾಗಿ ಗ್ರಂಥಾಲಯ ನಡೆಸುವ ಟ್ರಸ್ಟ್. ಕ್ಯೂಆರ್ ಕೋಡ್ ಇರುವ ಪೋಸ್ಟರ್ ಮಾಡಿಸಿ ಫೇಸ್‌ಬುಕ್‌ಗೂ ವಾಟ್ಸಾಪ್ ಗುಂಪುಗಳಿಗೂ ಹಾಕಿದೆವು. ಎರಡು ತಿಂಗಳಲ್ಲಿ ಬಂದದ್ದು ಆರು ಸಾವಿರ ರೂಪಾಯಿ, ಅದರಲ್ಲೂ ಹೆಚ್ಚಿನದು ನಮ್ಮ ಟ್ರಸ್ಟಿಗಳದ್ದೇ. ಎಲ್ಲಿ ತಪ್ಪಿದೆ?
(ಟ್ರಸ್ಟ್ ಕಾರ್ಯದರ್ಶಿ, ಶಿರಸಿ)

ಉತ್ತರ: ನೀವು ಕಳಿಸಿದ ಪೋಸ್ಟರಿನಲ್ಲಿ ‘ಉದಾರವಾಗಿ ಸಹಾಯ ಮಾಡಿ’ ಎಂದಿದೆ. ಇದನ್ನು ಓದಿದ ಯಾರಿಗೂ ಇದು ತಮಗೇ ಹೇಳಿದ ಮಾತು ಅನ್ನಿಸುವುದಿಲ್ಲ. ಎಷ್ಟು ಕೊಡಬೇಕು, ಕೊಟ್ಟದ್ದು ಏನಾಗುತ್ತದೆ ಎಂಬ ಎರಡೂ ಅದರಲ್ಲಿಲ್ಲ. ಮೊದಲು ನಿಮ್ಮ ಖರ್ಚನ್ನು ಒಡೆದು ನೋಡಿ. ಒಂದು ಊರಿನ ಗ್ರಂಥಾಲಯ ಒಂದು ತಿಂಗಳು ನಡೆಯಲು ಗ್ರಂಥಪಾಲಕಿಯ ಗೌರವಧನ 4,000, ಹೊಸ ಪುಸ್ತಕಕ್ಕೆ 1,500, ಬಾಡಿಗೆ ಮತ್ತು ಕರೆಂಟು 1,000, ಒಟ್ಟು 6,500 ರೂಪಾಯಿ ಬೇಕು ಅನ್ನೋಣ. ಆಗ ಕೇಳುವ ಮೊತ್ತ ತಾನಾಗಿಯೇ ಸಿಗುತ್ತದೆ: 500 ಕೊಟ್ಟರೆ ಐದಾರು ಪುಸ್ತಕ, 1,500 ಕೊಟ್ಟರೆ ಆ ತಿಂಗಳ ಹೊಸ ಪುಸ್ತಕಗಳೆಲ್ಲ, 6,500 ಕೊಟ್ಟರೆ ಒಂದು ಊರಿಗೆ ಒಂದು ತಿಂಗಳು. ಮೂರಕ್ಕಿಂತ ಹೆಚ್ಚು ಆಯ್ಕೆ ಕೊಡಬೇಡಿ. ಗೌರವಧನವನ್ನು ಮುಚ್ಚಿಟ್ಟು ಬರೀ ಪುಸ್ತಕಕ್ಕೆ ಕೇಳುವ ಅಭ್ಯಾಸ ಹಲವರಿಗಿದೆ. ಅದರಿಂದ ಕಪಾಟು ತುಂಬುತ್ತದೆ, ಬಾಗಿಲು ತೆಗೆಯುವವರೇ ಇರುವುದಿಲ್ಲ.

ಎರಡನೆಯದು, ಗುಂಪಿಗೆ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಐದು ಜನ ಟ್ರಸ್ಟಿಗಳಿದ್ದರೆ ಒಬ್ಬೊಬ್ಬರು ತಮ್ಮ ಫೋನಿನಿಂದ 20 ಹೆಸರು ಆರಿಸಲಿ: ಹಳೆಯ ವಿದ್ಯಾರ್ಥಿ, ಊರುಬಿಟ್ಟು ಬೆಂಗಳೂರು ಸೇರಿದ ನೆಂಟರು, ನಿವೃತ್ತ ಮೇಷ್ಟ್ರು. ಪ್ರತಿಯೊಬ್ಬರಿಗೂ ಹೆಸರು ಹಿಡಿದು, ಅವರ ಊರಿನ ಗ್ರಂಥಾಲಯದ ಒಂದು ಚಿತ್ರ ಸೇರಿಸಿ ಪ್ರತ್ಯೇಕ ಸಂದೇಶ ಕಳಿಸಿ, ಮೂರು ದಿನ ಬಿಟ್ಟು ಒಂದು ಫೋನ್ ಮಾಡಿ. ಹದಿನೈದು ಇಪ್ಪತ್ತು ಜನ ಕೊಟ್ಟಮೇಲೆ ‘ಇಷ್ಟು ಬಂದಿದೆ, ಇನ್ನಿಷ್ಟು ಬೇಕು’ ಎಂದು ಗುಂಪಿಗೆ ಹಾಕಿ. ಮಂಗಳಾರತಿ ತಟ್ಟೆ ಖಾಲಿಯಿದ್ದರೆ ಮೊದಲ ನಾಣ್ಯ ಹಾಕಲು ಎಲ್ಲರೂ ಹಿಂದೆಮುಂದೆ ನೋಡುತ್ತಾರೆ, ಫೋನಿನ ಪರದೆಯ ಮೇಲೂ ಅದೇ ಸ್ವಭಾವ.

ಇನ್ನು ದೊಡ್ಡ ತಕರಾರು. ಪೋಸ್ಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬಂದದ್ದು ಟ್ರಸ್ಟಿನ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ಇದನ್ನು ಇವತ್ತೇ ನಿಲ್ಲಿಸಿ. ದಾನಿಗೆ ಅನುಮಾನ ಹುಟ್ಟುವುದು ಒಂದು ಕಡೆ, ಆ ಹಣ ಕಾನೂನಿನ ಕಣ್ಣಿಗೆ ಖಾತೆದಾರರ ಸ್ವಂತ ಜಮೆ ಎನ್ನುವುದು ಇನ್ನೊಂದು ಕಡೆ. ಟ್ರಸ್ಟಿನ ಪ್ಯಾನ್‌ನಲ್ಲಿರುವ ಖಾತೆಗೇ ಬ್ಯಾಂಕಿನಿಂದ ವ್ಯಾಪಾರಿ ಕ್ಯೂಆರ್ ಕೇಳಿ ಪಡೆಯಿರಿ.

ಅಷ್ಟಾದರೂ ಬರೀ ಕ್ಯೂಆರ್ ಸಾಲದು. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಒಂದು ಸಾಲಿನಲ್ಲಿ ಕಾಣುವುದು ಇಷ್ಟೇ: ಯುಪಿಐ, ಹನ್ನೆರಡು ಅಂಕಿಯ ಒಂದು ಸಂಖ್ಯೆ, ಅರ್ಧಕ್ಕೇ ಕತ್ತರಿಸಿಹೋದ ಒಂದು ಹೆಸರು, 500 ರೂಪಾಯಿ. ಕೊಟ್ಟವರ ಪೂರ್ತಿ ಹೆಸರು, ವಿಳಾಸ ನಿಮ್ಮ ದಾಖಲೆಯಲ್ಲಿಲ್ಲದಿದ್ದರೆ ಅದು ಅನಾಮಧೇಯ ದೇಣಿಗೆ. ವರ್ಷದ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದ ಅನಾಮಧೇಯ ಹಣಕ್ಕೆ ಶೇ 30 ತೆರಿಗೆ ಇದೆ, ಆದಾಯ ತೆರಿಗೆ ನೋಂದಣಿ ಇದ್ದರೂ ವಿನಾಯಿತಿ ಇಲ್ಲ. ಲೆಕ್ಕ ಹೀಗೆ: ವರ್ಷಕ್ಕೆ 8 ಲಕ್ಷ ಬಂದು ಅದರಲ್ಲಿ ಎರಡೂವರೆ ಲಕ್ಷಕ್ಕೆ ಹೆಸರು ವಿಳಾಸ ಇಲ್ಲ ಎಂದರೆ, 1 ಲಕ್ಷ ಬಿಟ್ಟು ಉಳಿದ ಒಂದೂವರೆ ಲಕ್ಷಕ್ಕೆ 45,000 ರೂಪಾಯಿ ತೆರಿಗೆ, ಮೇಲೆ ಸೆಸ್. ನಿಮ್ಮ ಲೆಕ್ಕದಲ್ಲಿ ಅದು ಏಳು ತಿಂಗಳ ಗ್ರಂಥಾಲಯ.

ಆದ್ದರಿಂದ ಹಣ ಬರುವ ಮೊದಲೇ ವಿವರ ಪಡೆಯುವ ಪಾವತಿ ಪುಟ ಮಾಡಿಕೊಳ್ಳಿ. ಇಂಥ ಪುಟ ಒದಗಿಸುವ ಪಾವತಿ ಕಂಪನಿಗಳಾದ (ಗೇಟ್‌ವೇ) ರೇಜರ್‌ಪೇ, ಕ್ಯಾಶ್‌ಫ್ರೀ, ಇನ್‌ಸ್ಟಾಮೋಜೊ ಮೂರೂ ಬೆಂಗಳೂರಿನವೇ. ಟ್ರಸ್ಟ್ ಡೀಡ್, ಟ್ರಸ್ಟಿನ ಪ್ಯಾನ್, 12ಎ (ಟ್ರಸ್ಟಿಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ಕಡಿತ) ನೋಂದಣಿಯ ಆದೇಶ, ರದ್ದು ಮಾಡಿದ ಚೆಕ್, ಸಹಿ ಮಾಡುವವರ ಗುರುತಿನ ಚೀಟಿ ಕೇಳುತ್ತಾರೆ. ವೆಬ್‌ಸೈಟಿನಲ್ಲಿ ಸಂಪರ್ಕ ವಿಳಾಸ, ಖಾಸಗಿ ಮಾಹಿತಿ ನೀತಿ, ಹಣ ವಾಪಸಾತಿ ನೀತಿ ಈ ಮೂರು ಪುಟ ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹೆಚ್ಚಿನ ಸಂಸ್ಥೆಗಳು ಎಡವುವುದೂ ಇಲ್ಲೇ. ಪಾವತಿ ಪುಟದಲ್ಲಿ ಹೆಸರು, ಮೊಬೈಲ್, ಇಮೇಲ್, ವಿಳಾಸ, ಪ್ಯಾನ್ ಇಷ್ಟೇ ಇರಲಿ. ಹುಟ್ಟಿದ ದಿನ, ವೃತ್ತಿ, ‘ನಮ್ಮ ಬಗ್ಗೆ ಹೇಗೆ ತಿಳಿಯಿತು’ ಎಂದು ಕೇಳುತ್ತ ಹೋದರೆ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ.

ಪ್ರಶ್ನೆ: ‘80ಜಿ ವಿನಾಯಿತಿ ಸಿಗುತ್ತದೆ’ ಎಂದು ಹೇಳಿ ದೇಣಿಗೆ ಪಡೆದೆವು. ಈಗ ಮೂರು ಜನ ದಾನಿಗಳು ‘ನಮಗೆ ಸಿಕ್ಕಿಲ್ಲ’ ಎಂದು ಜಗಳಕ್ಕೆ ಬಂದಿದ್ದಾರೆ.
(ಖಜಾಂಚಿ, ಮೈಸೂರು)

ಉತ್ತರ: ಮೂವರಿಗೂ ಕಾರಣ ಬೇರೆ ಬೇರೆ ಇರಬಹುದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಕಡಿತವೇ ಇಲ್ಲ. ಆ ಪದ್ಧತಿ ಈಗ ತಾನಾಗಿ ಅನ್ವಯವಾಗುವುದರಿಂದ ಸಂಬಳದಾರರಲ್ಲಿ ಬಹಳ ಮಂದಿ ಗೊತ್ತಿಲ್ಲದೆಯೇ ಅದರೊಳಗೆ ಇರುತ್ತಾರೆ. 2,000 ರೂಪಾಯಿ ಮೀರಿ ನಗದು ಕೊಟ್ಟಿದ್ದರೂ ಸಿಗದು. ಅಕ್ಕಿ, ಬಟ್ಟೆ, ಕಂಪ್ಯೂಟರ್ ಕೊಟ್ಟಿದ್ದರೂ ಸಿಗದು.

ಮತ್ತೊಂದು ಕಾರಣ ನಿಮ್ಮ ಕಡೆಯದ್ದು. ರಸೀದಿ ಪುಸ್ತಕದ ಚೀಟಿ ಈಗ ಸಾಲದು. ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಎಲ್ಲ ದಾನಿಗಳ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಇಲಾಖೆಗೆ ಸಲ್ಲಿಸಿ, ಅಲ್ಲಿಂದಲೇ ಇಳಿಸಿಕೊಂಡ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಅದರ ಸಂಖ್ಯೆ ಇಲ್ಲದೆ ದಾನಿ ತನ್ನ ರಿಟರ್ನ್‌ನಲ್ಲಿ ಕಡಿತ ತೋರಿಸಲಾರ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಸಲ್ಲಿಸದೇ ಇದ್ದರೆ 10,000ದಿಂದ 1 ಲಕ್ಷದವರೆಗೆ ದಂಡ. ಪ್ಯಾನ್‌ನ ಒಂದು ಅಕ್ಷರ ತಪ್ಪಿದರೂ ಪ್ರಮಾಣಪತ್ರ ಇನ್ಯಾರದೋ ಹೆಸರಿಗೆ ಹೋಗಿ ಕೂರುತ್ತದೆ. ತಿದ್ದುಪಡಿಗೆ ಅವಕಾಶವಿದೆ, ಆದರೆ ಮೇ ಕೊನೆಯ ವಾರದಲ್ಲಿ ಪಟ್ಟಿ ಮಾಡಲು ಕೂರುವ ಬದಲು ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ಸಾಲುಗಳನ್ನು ಎಕ್ಸೆಲ್‌ಗೆ ಏರಿಸಿಬಿಡಿ.

ಇನ್ನೊಂದು ಮಾತು. ಹಳೆಯ ಪದ್ಧತಿಯಲ್ಲಿ 8 ಲಕ್ಷ ತೆರಿಗೆ ಆದಾಯ ಇರುವವರು 10,000 ಕೊಟ್ಟರೆ, ಅರ್ಧ ಅಂದರೆ 5,000 ಕಡಿತ, ಉಳಿತಾಯವಾಗುವ ತೆರಿಗೆ ಸುಮಾರು 1,000. ಇದಕ್ಕಾಗಿಯೇ ಯಾರೂ ಕೊಡುವುದಿಲ್ಲ. ಮನವಿಯ ತಲೆಬರಹದಿಂದ ‘80ಜಿ’ ತೆಗೆದು ಕೆಳಗಿನ ಸಾಲಿಗೆ ಇಳಿಸಿ. ಜೊತೆಗೆ ‘ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ’ ಎಂದು ಸೇರಿಸಿ. ಜಗಳ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಮಿಲಾಪ್, ಕೆಟ್ಟೊ, ಗಿವ್‌ಇಂಡಿಯಾದಂಥ ತಾಣಗಳಲ್ಲಿ ಹಾಕುವುದು ಒಳ್ಳೆಯದೋ, ನಮ್ಮದೇ ಪುಟ ಸಾಕೋ? ‘ತಿಂಗಳ ದಾನಿ’ ಯೋಜನೆ ಎಂದರೇನು?
(ಬೆಂಗಳೂರು, ತುಮಕೂರಿನಿಂದ ಇಬ್ಬರು ಓದುಗರು)

ಉತ್ತರ: ಒಂದೇ ಸಲದ, ಗಡುವು ಇರುವ, ಒಂದು ಚಿತ್ರದಲ್ಲಿ ತೋರಿಸಬಹುದಾದ ಅಗತ್ಯಕ್ಕೆ ಕ್ರೌಡ್‌ಫಂಡಿಂಗ್ (ಹಲವರಿಂದ ಆನ್‌ಲೈನ್‌ನಲ್ಲಿ ಹಣ ಸೇರಿಸುವ) ತಾಣ ಸರಿ. ನೆರೆಯಲ್ಲಿ ಹಾಳಾದ ಶಾಲೆಯ ಚಾವಣಿ, ಒಂದು ಆಂಬುಲೆನ್ಸ್, ಇಂಥವು. ಸಂಬಳ, ಬಾಡಿಗೆಯಂಥ ವರ್ಷಪೂರ್ತಿಯ ಖರ್ಚಿಗೆ ಅದು ಸರಿಹೋಗದು. ಸೇರುವ ಮೊದಲು ಮೂರು ಪ್ರಶ್ನೆ ಬರವಣಿಗೆಯಲ್ಲೇ ಕೇಳಿ: ಶುಲ್ಕ ಎಲ್ಲ ಸೇರಿ ಎಷ್ಟು, ಹಣ ನಮ್ಮ ಖಾತೆಗೆ ಯಾವಾಗ ಬರುತ್ತದೆ, ದಾನಿಗಳ ಹೆಸರು ಮತ್ತು ಇಮೇಲ್ ನಮಗೆ ಕೊಡುತ್ತೀರಾ. ಮೂರನೆಯದಕ್ಕೆ ‘ಇಲ್ಲ’ ಎಂದರೆ ಮುಂದಿನ ವರ್ಷ ಮತ್ತೆ ಸೊನ್ನೆಯಿಂದ ಶುರುಮಾಡಬೇಕು. ‘ಶೂನ್ಯ ಶುಲ್ಕ’ ಎಂದು ಬರೆದ ಕಡೆ ದಾನಿಯಿಂದ ಟಿಪ್ಸ್ ಕೇಳುವ ಗುಂಡಿ ಮೊದಲೇ ಒತ್ತಿಟ್ಟಿರುವುದುಂಟು. ನಿಮ್ಮ ದಾನಿಗಳಿಗೆ ಅದನ್ನು ಮುಂಚೆಯೇ ಹೇಳಿ.

ಸ್ವಂತ ಪುಟದ ಲೆಕ್ಕದಲ್ಲಿ ಒಂದು ಸಣ್ಣ ಗಂಟಿದೆ. ಕಾರ್ಡಿನಲ್ಲಿ 1,000 ರೂಪಾಯಿ ಬಂದರೆ ಗೇಟ್‌ವೇ ಶೇ 2ರಂತೆ 20 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 3.60 ಮುರಿದುಕೊಂಡು 976.40 ಜಮೆ ಮಾಡುತ್ತದೆ ಅನ್ನೋಣ. ರಸೀದಿಯೂ 10ಬಿಡಿಯೂ 1,000ಕ್ಕೇ ಇರಬೇಕು, 23.60 ನಿಮ್ಮ ಖರ್ಚಿನ ಕಡೆ ಬರಬೇಕು. ಬ್ಯಾಂಕಿಗೆ ಬಂದದ್ದನ್ನೇ ದೇಣಿಗೆ ಎಂದು ಬರೆದುಕೊಂಡರೆ ದಾನಿಯ ಪ್ರಮಾಣಪತ್ರ ತಾಳೆಯಾಗುವುದಿಲ್ಲ.

ತಿಂಗಳ ದಾನಿ ಎಂದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು 200, 300, 500 ತಾನಾಗಿ ಬರುವ ವ್ಯವಸ್ಥೆ. 2020ರಲ್ಲಿ ಬಂದ ಯುಪಿಐ ಆಟೋಪೇ ಇದನ್ನು ಸಣ್ಣ ಸಂಸ್ಥೆಗಳ ಕೈಗೂ ತಂದಿತು. 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಆದರೆ 24 ಗಂಟೆ ಮೊದಲೇ ದಾನಿಗೆ ಸೂಚನೆ ಹೋಗುತ್ತದೆ, ಅವರು ಆ್ಯಪ್‌ನಲ್ಲೇ ರದ್ದು ಮಾಡಬಹುದು. ಹಾಗೆ ರದ್ದು ಮಾಡುವವರು ಸಾಮಾನ್ಯವಾಗಿ ಸಿಟ್ಟಿನಿಂದ ಮಾಡುವುದಿಲ್ಲ, ಆ ಸೂಚನೆಯಲ್ಲಿ ಗೇಟ್‌ವೇ ಕಂಪನಿಯ ಹೆಸರೋ ನಿಮ್ಮ ಟ್ರಸ್ಟಿನ ಉದ್ದ ಹೆಸರಿನ ಮೊದಲ ಎರಡು ಪದವೋ ಕಂಡು ‘ಇದ್ಯಾವುದೋ’ ಎಂದು ಮಾಡುತ್ತಾರೆ. ಗೇಟ್‌ವೇಯಲ್ಲಿ ತೋರಿಸುವ ಹೆಸರನ್ನು ಜನ ಕರೆಯುವ ಹೆಸರಿಗೇ ಬದಲಿಸಿ. ಕಂತಿನ ದಿನ 5ರಿಂದ 7ರ ನಡುವೆ ಇರಲಿ. 25ಕ್ಕೆ ಇಟ್ಟರೆ ‘ಖಾತೆಯಲ್ಲಿ ಹಣವಿಲ್ಲ’ ಎಂದು ಕಂತು ತಪ್ಪುತ್ತದೆ. ತಪ್ಪಿದ ಕಂತುಗಳ ಪಟ್ಟಿ ತೆಗೆದು ವಾರದೊಳಗೆ ಒಂದು ಮೃದುವಾದ ಸಂದೇಶ ಕಳಿಸುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ. ತಿಂಗಳಿಗೆ 300 ಕೊಡುವ ನೂರು ಜನ ಎಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ಒಮ್ಮೆ ವೈರಲ್ ಆಗಿ ಬಂದ 5 ಲಕ್ಷಕ್ಕಿಂತ ಇದು ಮೇಲು ಎಂದೇ ನಮ್ಮ ಅಭಿಪ್ರಾಯ, ಏಕೆಂದರೆ ಇದನ್ನು ನಂಬಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ನೆಪ ಬೇಕಿದ್ದರೆ ಅಕ್ಟೋಬರ್ 2ರಿಂದ 8ರವರೆಗೆ ನಡೆಯುವ ದಾನದ ಸಪ್ತಾಹ ‘ದಾನ್ ಉತ್ಸವ’ ಇದೆ. ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಟದಲ್ಲಿ ನಿಮ್ಮ ಪರವಾಗಿ ಓಡುವವರು ತಮ್ಮ ಗೆಳೆಯರಿಂದ ಹಣ ಎತ್ತುವ ಏರ್ಪಾಡಿದೆ. ಅದಕ್ಕೆ ಸಂಸ್ಥೆಗಳ ನೋಂದಣಿ ಓಟಕ್ಕಿಂತ ತಿಂಗಳುಗಳ ಮೊದಲೇ ಆಗಬೇಕು. ಓಡುವವರು ನಿಮ್ಮವರೇ ಇಲ್ಲದಿದ್ದರೆ ಅದರಿಂದ ಹೆಚ್ಚು ನಿರೀಕ್ಷಿಸಬೇಡಿ.

ಪ್ರಶ್ನೆ: ಸರ್ಕಾರಿ ಶಾಲೆಗಳಲ್ಲಿ ಶೌಚಾಲಯ, ಕುಡಿಯುವ ನೀರಿನ ಕೆಲಸ ಮಾಡುತ್ತೇವೆ. ಬೆಂಗಳೂರಿನ ಹತ್ತು ದೊಡ್ಡ ಕಂಪನಿಗಳಿಗೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆರವು ಕೋರಿ ಇಮೇಲ್ ಮಾಡಿದೆವು. ಒಬ್ಬರೂ ಉತ್ತರಿಸಿಲ್ಲ. ಕಂಪನಿ ಬಾಗಿಲು ತೆಗೆಸುವುದು ಹೇಗೆ?
(ಸ್ವಯಂಸೇವಾ ಸಂಸ್ಥೆ, ಬೆಳಗಾವಿ)

ಉತ್ತರ: ತಪ್ಪು ಬಾಗಿಲು ತಟ್ಟಿದ್ದೀರಿ. ಆ ಹತ್ತು ಕಂಪನಿಗಳಿಗೆ ದೇಶದ ಎಲ್ಲ ಕಡೆಯಿಂದ ಇಂಥದ್ದೇ ಇಮೇಲ್ ಹೋಗುತ್ತದೆ, ಅನೇಕರಿಗೆ ತಮ್ಮದೇ ಪ್ರತಿಷ್ಠಾನವೂ ಇದೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 5 ಕೋಟಿ ಲಾಭ ಎಂದರೆ ಬೆಳಗಾವಿಯ ಎಲ್ಲ ಫೌಂಡ್ರಿಗಳೂ ಅಲ್ಲ, ಆದರೆ ಉದ್ಯಮಬಾಗದಿಂದ ಹುಬ್ಬಳ್ಳಿ, ಧಾರವಾಡದವರೆಗೆ ಹುಡುಕಿದರೆ ಅಂಥವು ಸಿಗುತ್ತವೆ. ಸರಾಸರಿ ಲಾಭ 12 ಕೋಟಿ ಇರುವ ಕಂಪನಿಯ ಪಾಲು 24 ಲಕ್ಷ. ಈ ಮೊತ್ತ 50 ಲಕ್ಷ ಮೀರದಿದ್ದರೆ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸುತ್ತದೆ. ಎಂದರೆ ಮಾಲೀಕರು ಅಥವಾ ಹಣಕಾಸು ಮುಖ್ಯಸ್ಥರ ಎದುರು ಕೂತು ಮಾತಾಡಿದರೆ ಅಲ್ಲೇ ಇತ್ಯರ್ಥ. ಅವರಿಗೆ ಪ್ರತ್ಯೇಕ ಸಿಎಸ್‌ಆರ್ ಸಿಬ್ಬಂದಿ ಇರುವುದಿಲ್ಲ, ಕಾರ್ಖಾನೆಯ ಸುತ್ತಲ ಊರಿಗೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿದೆ ಎಂಬುದು ಕೇಂದ್ರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುವಂತಿದೆ. ಅಲ್ಲಿ ಕರ್ನಾಟಕ ಆರಿಸಿ, ಶಿಕ್ಷಣ ಮತ್ತು ನೈರ್ಮಲ್ಯಕ್ಕೆ ಕೊಟ್ಟವರ ಪಟ್ಟಿ ಮಾಡಿಕೊಳ್ಳಿ.

ಹೋಗುವ ಮೊದಲು ಕೈಯಲ್ಲಿ ಏನಿರಬೇಕು? 12ಎ, 80ಜಿ ನೋಂದಣಿ. ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಫಾರ್ಮ್ ಸಲ್ಲಿಸಿ ಪಡೆದ ಸಂಖ್ಯೆ, ಇದಿಲ್ಲದೆ 2021ರ ಏಪ್ರಿಲ್‌ನಿಂದ ಯಾವ ಕಂಪನಿಯೂ ನಿಮ್ಮ ಮೂಲಕ ಖರ್ಚು ತೋರಿಸಲಾಗದು. ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ದಾಖಲೆ. ಮೂರು ವರ್ಷದ ಲೆಕ್ಕಪರಿಶೋಧನಾ ವರದಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಪಡೆದ ಸಂಖ್ಯೆ. ಸಿಎಸ್‌ಆರ್-1ಕ್ಕೆ ವೃತ್ತಿನಿರತ ಲೆಕ್ಕಪರಿಶೋಧಕರ ಅಥವಾ ಕಂಪನಿ ಸೆಕ್ರೆಟರಿಯ ಡಿಜಿಟಲ್ ಸಹಿ ಬೇಕು. ಇಲ್ಲಿ ಮುಗ್ಗರಿಸುವುದು ತಾತ್ಕಾಲಿಕ 12ಎ, 80ಜಿ ಇಟ್ಟುಕೊಂಡವರು. ಅದಕ್ಕೆ ಮೂರೇ ವರ್ಷ ಆಯುಸ್ಸು, ಮುಗಿಯುವುದಕ್ಕೆ ಆರು ತಿಂಗಳು ಮೊದಲು ಅಥವಾ ಕೆಲಸ ಶುರುವಾದ ಆರು ತಿಂಗಳೊಳಗೆ, ಯಾವುದು ಮುಂಚೆಯೋ ಆಗ ಪೂರ್ಣ ನೋಂದಣಿಗೆ ಅರ್ಜಿ ಹಾಕಬೇಕು. ಅವಧಿ ತೀರಿದ ಪತ್ರ ಹಿಡಿದು ಹೋದರೆ ಮಾತುಕತೆ ಹೊಸ್ತಿಲಲ್ಲೇ ಮುಗಿಯುತ್ತದೆ.

ಪ್ರಸ್ತಾವ ಎರಡು ಪುಟ ಮೀರದಿರಲಿ. ಮೊದಲ ಪುಟದಲ್ಲಿ ಯಾವ ಶಾಲೆ, ಎಷ್ಟು ಹೆಣ್ಣುಮಕ್ಕಳು, ಈಗ ಎಷ್ಟು ಶೌಚಾಲಯ, ಎಷ್ಟು ಕೆಟ್ಟಿವೆ, ನೀರು ಎಲ್ಲಿಂದ ಬರುತ್ತದೆ ಎಂಬುದು ಇರಲಿ, ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ ಪತ್ರ ಲಗತ್ತಾಗಿರಲಿ. ಎರಡನೆಯ ಪುಟ ಬಜೆಟ್. ನೀವು ಕಳಿಸಿದ ಬಜೆಟ್ ನೋಡಿದೆವು: ‘ಶೌಚಾಲಯ ನಿರ್ಮಾಣ 6 ಲಕ್ಷ’ ಎಂಬ ಒಂದೇ ಸಾಲು. ಅದನ್ನು ಅಡಿಪಾಯ, ಗೋಡೆ, ಚಾವಣಿ, ಟೈಲ್ಸ್, ಬಾಗಿಲು, 1,000 ಲೀಟರಿನ ಟ್ಯಾಂಕ್, ಪೈಪು, ಹೊಂಡ ಎಂದು ಬಿಡಿಸಿ, ಪ್ರತಿಯೊಂದಕ್ಕೂ ಎರಡು ಮೂರು ದರಪಟ್ಟಿ ಸೇರಿಸಿ. ಆಮೇಲೆ ಎಲ್ಲರೂ ಮರೆಯುವ ಸಾಲು ಬರಲಿ: ಎರಡು ವರ್ಷ ಸ್ವಚ್ಛ ಮಾಡುವವರ ಸಂಬಳ, ಫಿನಾಯಿಲ್, ಕೆಟ್ಟ ನಲ್ಲಿಯ ರಿಪೇರಿ. ಕಟ್ಟಿಸಿ ಫಲಕ ಹಾಕಿದ ಶೌಚಾಲಯಗಳಿಗೆ ಆರೇ ತಿಂಗಳಲ್ಲಿ ಬೀಗ ಬೀಳುವುದು ಈ ಸಾಲು ಇಲ್ಲದ್ದರಿಂದ. ಕಂಪನಿಯವರಿಗೂ ಅದು ಗೊತ್ತಿದೆ. ನೀವೇ ಬಾಯಿಬಿಟ್ಟು ಹೇಳಿದರೆ ನಂಬಿಕೆ ಬರುತ್ತದೆ.

‘ಆಡಳಿತ ವೆಚ್ಚ ಶೇ 5 ಮಾತ್ರ’ ಎಂದು ಯಾರಾದರೂ ಪಟ್ಟುಹಿಡಿದರೆ ತಲೆಬಾಗಬೇಡಿ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ, ನಿಮ್ಮ ಎಂಜಿನಿಯರ್ ಅಥವಾ ಮೇಲ್ವಿಚಾರಕರ ಸಂಬಳಕ್ಕೆ ಅಲ್ಲ. ಸಚಿವಾಲಯ 2021ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆ ಸಂಬಳಗಳನ್ನು ‘ಆಡಳಿತ’ ಎಂದು ಕೆಳಗೆ ಗುಡ್ಡೆಹಾಕದೆ ಯೋಜನೆಯ ಸಾಲಿನಲ್ಲೇ ತೋರಿಸಿ.

ಕಾಲದ ಲೆಕ್ಕವೂ ಮುಖ್ಯ. ಮುಂದಿನ ವರ್ಷದ ಯೋಜನೆಗೆ ನವೆಂಬರಿನಿಂದ ಫೆಬ್ರುವರಿ ನಡುವೆ ಭೇಟಿಯಾಗಿ. ಮಾರ್ಚಿನಲ್ಲಿ ‘ಉಳಿದ ದುಡ್ಡಿದೆ, ನಾಳೆಯೇ ಪ್ರಸ್ತಾವ ಕೊಡಿ’ ಎಂಬ ಫೋನ್ ಬರುವುದೂ ಉಂಟು, ಹಾಗಾಗಿ ಸಣ್ಣ ಮೊತ್ತದ, ಬೇಗ ಮುಗಿಯುವ ಒಂದು ಯೋಜನೆ ಸಿದ್ಧ ಇಟ್ಟುಕೊಳ್ಳಿ. ಆದರೆ ಎಚ್ಚರ: ಕಂಪನಿ ನಿಮ್ಮ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಅದು ಖರ್ಚು ಎನಿಸದು, ನೀವು ಬಳಸಿದಾಗಲೇ ಖರ್ಚು. ಹಣ ಸರಿಯಾಗಿ ಬಳಕೆಯಾಗಿದೆ ಎಂದು ಅವರ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಅದಕ್ಕೇ ನಿಮ್ಮಿಂದ ಲೆಕ್ಕಪರಿಶೋಧಕರ ಸಹಿಯ ಬಳಕೆ ಪ್ರಮಾಣಪತ್ರ ಕೇಳುವುದು. ಹತ್ತು ದಿನದಲ್ಲಿ ಮುಗಿಸಲಾಗದ ಕೆಲಸಕ್ಕೆ ಮಾರ್ಚ್ 20ರಂದು ಹಣ ತೆಗೆದುಕೊಳ್ಳುವ ಬದಲು, ಅದನ್ನು ಬಹುವರ್ಷದ ಯೋಜನೆ ಎಂದು ಮಂಡಳಿಯ ನಿರ್ಣಯದಲ್ಲೇ ಬರೆಸಿ. ಆಗ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಯಲ್ಲಿಟ್ಟು ಮೂರು ವರ್ಷದಲ್ಲಿ ಬಳಸಲು ಅವರಿಗೆ ದಾರಿ ಇದೆ. ಹಾಗಲ್ಲದ ಯೋಜನೆಯ ಉಳಿಕೆ ಆರು ತಿಂಗಳೊಳಗೆ ಸರ್ಕಾರಿ ನಿಧಿಗೆ ಹೋಗುತ್ತದೆ.

ಪ್ರಶ್ನೆ: ಕಂಪನಿ ತನ್ನ ಹೆಸರಿನ ಫಲಕ ಕೇಳುತ್ತಿದೆ. ಜಿಎಸ್‌ಟಿ ಬೀಳುತ್ತದೆಯೇ?
(ಹಾಸನ)

ಉತ್ತರ: ‘ಇಂಥವರ ನೆರವಿನಿಂದ’ ಎಂದು ಕೃತಜ್ಞತೆಗೆ ಬರೆದ ಫಲಕಕ್ಕೆ ಬೀಳದು, 2019ರ ಅಕ್ಟೋಬರಿನ ಜಿಎಸ್‌ಟಿ ಸುತ್ತೋಲೆ ಹಾಗೆ ಹೇಳಿದೆ. ಕಂಪನಿಯ ಉತ್ಪನ್ನದ ಹೆಸರು, ‘ಇಂದೇ ಕೊಳ್ಳಿರಿ’, ಮಳಿಗೆಯ ಫೋನ್ ಸಂಖ್ಯೆ ಬಂದರೆ ಅದು ಜಾಹೀರಾತು. ಹಾಗಾದರೆ ಅದು ದೇಣಿಗೆಯೂ ಅಲ್ಲ, ಸಿಎಸ್‌ಆರ್ ಲೆಕ್ಕಕ್ಕೂ ಬಾರದು. ಒಪ್ಪಂದ ಪತ್ರದಲ್ಲಿ ಫಲಕದ ಅಳತೆ ಮತ್ತು ಅದರ ಮೇಲಿನ ಅಕ್ಷರಗಳನ್ನು ಮೊದಲೇ ಬರೆದುಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮೂರಿನವರು ಹಣ ಕಳಿಸಲು ಸಿದ್ಧರಿದ್ದಾರೆ. ಅವರ ಕಂಪನಿಯೂ ಅಷ್ಟೇ ಮೊತ್ತ ಸೇರಿಸುತ್ತದಂತೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ತೆಗೆದುಕೊಳ್ಳಬಹುದೇ?
(ಹಳೆಯ ವಿದ್ಯಾರ್ಥಿಗಳ ಟ್ರಸ್ಟ್, ದಾವಣಗೆರೆ)

ಉತ್ತರ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಉತ್ತರ ನಿಂತಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುವವರು ತಮ್ಮ ಸ್ವಂತ ಗಳಿಕೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವರ ಎನ್‌ಆರ್‌ಇ ಅಥವಾ ಎನ್‌ಆರ್‌ಒ (ಅನಿವಾಸಿ ಭಾರತೀಯರು ಇಲ್ಲಿಡುವ) ಖಾತೆಯಿಂದ ರೂಪಾಯಿಯಲ್ಲಿ ಬರುವುದು ಇನ್ನೂ ಸಲೀಸು. ಪಾಸ್‌ಪೋರ್ಟಿನ ಪ್ರತಿ ಮತ್ತು ‘ಇದು ನನ್ನ ಸ್ವಂತ ಗಳಿಕೆ’ ಎಂಬ ಒಂದು ಸಾಲಿನ ಪತ್ರ ಫೈಲಿನಲ್ಲಿರಲಿ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರು ಎಷ್ಟೇ ಶುದ್ಧ ದಾವಣಗೆರೆ ಕನ್ನಡ ಮಾತಾಡಿದರೂ ಕಾನೂನಿಗೆ ವಿದೇಶಿ ಮೂಲವೇ. ಅಲ್ಲಿನ ಕಂಪನಿಯ ಸಮಪಾಲು ಹಣವೂ ಹಾಗೆಯೇ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ಡಾಲರ್ ಕೂಡ ಮುಟ್ಟಬಾರದು.

ಬೆಂಗಳೂರಿನಲ್ಲಿರುವ ವಿದೇಶಿ ಕಂಪನಿಯ ಭಾರತೀಯ ಅಂಗಸಂಸ್ಥೆಯ ವಿಷಯ ಬೇರೆ. ಇಲ್ಲಿ ನೋಂದಾಯಿತವಾಗಿ, ಆ ಕ್ಷೇತ್ರದ ವಿದೇಶಿ ಹೂಡಿಕೆ ಮಿತಿಯೊಳಗಿದ್ದರೆ, 2016ರ ತಿದ್ದುಪಡಿಯ ನಂತರ ಅದು ಕೊಡುವ ಸಿಎಸ್‌ಆರ್ ಹಣ ವಿದೇಶಿ ದೇಣಿಗೆ ಎನಿಸದು. ಆದರೆ ಅದೇ ಕಂಪನಿಯ ಉದ್ಯೋಗಿ ಇಲ್ಲಿ 5,000 ಕೊಟ್ಟಾಗ ಸೇರುವ ಇನ್ನೊಂದು 5,000 ಇಲ್ಲಿನ ಖಾತೆಯಿಂದ ಬರುತ್ತದೋ, ತಾಯಿ ಕಂಪನಿಯ ವಿದೇಶಿ ಪ್ರತಿಷ್ಠಾನದಿಂದ ಬರುತ್ತದೋ ಎಂದು ಬರಹದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಹೆಚ್ಚಿನವರಿಗೆ ಹೊಳೆಯದ ಮತ್ತೊಂದು ಕಿಂಡಿ ಇದೆ: ನಿಮ್ಮ ಪಾವತಿ ಪುಟ. ಅದರಲ್ಲಿ ಅಂತರರಾಷ್ಟ್ರೀಯ ಕಾರ್ಡ್ ಸೌಲಭ್ಯ ತೆರೆದಿದ್ದರೆ ನಿಮಗೆ ತಿಳಿಯದೆಯೇ ವಿದೇಶಿ ಹಣ ಒಳಬಂದಿರುತ್ತದೆ. ಗೇಟ್‌ವೇಗೆ ಹೇಳಿ ಮುಚ್ಚಿಸಿ.

ಎಫ್‌ಸಿಆರ್‌ಎ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಮೂಲ ಉದ್ದೇಶದ ಕೆಲಸಕ್ಕೆ 15 ಲಕ್ಷ ಖರ್ಚಾಗಿರಬೇಕು. ಹಣ ಬರುವುದು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತಕ್ಕೆ ಶೇ 20 ಮೀರುವಂತಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರ್ 31ರೊಳಗೆ ವಿದೇಶಿ ಹಣದ ಲೆಕ್ಕದ ಫಾರ್ಮ್ ಎಫ್‌ಸಿ-4 ಸಲ್ಲಿಸಬೇಕು, ಹಣ ಬಾರದ ವರ್ಷವೂ. ಒಬ್ಬನೇ ದಾನಿ, ಒಂದೇ ಕೆಲಸ ಎಂದಾದರೆ ಪೂರ್ವಾನುಮತಿ ಸಾಕು, ಅದಕ್ಕೆ ದಾನಿಯ ಬದ್ಧತಾ ಪತ್ರ ಬೇಕು. ‘ನಮ್ಮ ಎಫ್‌ಸಿಆರ್‌ಎ ಖಾತೆಗೆ ಹಾಕಿಸಿ, ಶೇ 10 ಇಟ್ಟುಕೊಂಡು ನಿಮಗೆ ಕೊಡುತ್ತೇವೆ’ ಎಂಬ ಸಂಸ್ಥೆಗಳು ಎದುರಾಗುತ್ತವೆ. 2020ರ ತಿದ್ದುಪಡಿಯ ನಂತರ ಇನ್ನೊಂದು ಸಂಸ್ಥೆಗೆ ದಾಟಿಸುವುದು ನಿಷಿದ್ಧ, ಆ ಸಂಸ್ಥೆಗೂ ಎಫ್‌ಸಿಆರ್‌ಎ ಇದ್ದರೂ ಸಹ.

ಪ್ರಶ್ನೆ: ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆ ಕೇಳಿದೆವು. ನಮ್ಮಂಥವರಿಗೆ ಆದೀತೇ?
(ಬೆಂಗಳೂರು)

ಉತ್ತರ: ಇದು ಸಾಮಾಜಿಕ ಸಂಸ್ಥೆಗಳು ಹಣ ಎತ್ತಲು ಷೇರುಪೇಟೆಯಲ್ಲೇ ಇರುವ ಪ್ರತ್ಯೇಕ ವಿಭಾಗ. ವರ್ಷಕ್ಕೆ ಕನಿಷ್ಠ 50 ಲಕ್ಷ ಖರ್ಚು, ಹಿಂದಿನ ವರ್ಷ 10 ಲಕ್ಷ ದೇಣಿಗೆ, ಮೂರು ವರ್ಷದ ಅಸ್ತಿತ್ವ ಇದ್ದರೆ ಸೇರಬಹುದು. ಅಲ್ಲಿ ಮಾರುವುದು ‘ಶೂನ್ಯ ಬಡ್ಡಿ, ಶೂನ್ಯ ಅಸಲು’ ಬಾಂಡ್: ಕೊಂಡವರಿಗೆ ಹಣ ಮರಳುವುದಿಲ್ಲ, ಸಿಗುವುದು ಕೆಲಸದ ವರದಿ. ಕನಿಷ್ಠ 50 ಲಕ್ಷದ ಬಿಡುಗಡೆ ಇರಬೇಕು, ಅದರ ನಿಗದಿತ ಪಾಲು ಭರ್ತಿಯಾಗಬೇಕು. ಷೇರುಪೇಟೆಯ ನಿಯಂತ್ರಕ ಸೆಬಿ 2025ರಲ್ಲಿ ಕನಿಷ್ಠ ಹೂಡಿಕೆಯನ್ನು 1,000 ರೂಪಾಯಿಗೆ ಇಳಿಸಿದೆ. ಇದರಲ್ಲಿ ಮೊದಲು ಪಟ್ಟಿಗೆ ಬಂದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್, 2023ರ ಡಿಸೆಂಬರಿನಲ್ಲಿ. ಅಪರಿಚಿತ ಹೂಡಿಕೆದಾರರು ಸಾಲುಗಟ್ಟಿ ಬರುತ್ತಾರೆಂದು ಲೆಕ್ಕ ಹಾಕಬೇಡಿ. ನಿಮ್ಮ ದೊಡ್ಡ ದಾನಿಗಳೇ ಆ ದಾರಿಯಿಂದ ಕೊಡಲು ಒಪ್ಪಿದ್ದರೆ ಮಾತ್ರ ಇಳಿಯಿರಿ. ಮೊದಲು ಬರೀ ನೋಂದಣಿ ಮಾಡಿಸಿಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಮಕ್ಕಳ ಮನೆಯ ಮಕ್ಕಳ ಫೋಟೊ, ಕಥೆ ಹಾಕಿದರೆ ದೇಣಿಗೆ ಹೆಚ್ಚು ಬರುತ್ತದೆ. ಹಾಕಬಹುದೇ?
(ಕಲಬುರಗಿ)

ಉತ್ತರ: ಬೇಡ. ಪೋಷಣೆ, ರಕ್ಷಣೆಗಾಗಿ ನಿಮ್ಮಲ್ಲಿರುವ ಮಗುವಿನ ಗುರುತು ಸಿಗುವಂಥದ್ದನ್ನು, ಹೆಸರು, ಮುಖ, ಶಾಲೆ, ಊರು ಯಾವುದನ್ನೂ, ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಕೆಂಬುದು ತಪ್ಪು, ಊರಿನ ಹೆಸರೂ ಅಂಗಿಯ ಮೇಲಿನ ಶಾಲೆಯ ಗುರುತೂ ಇದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಮಕ್ಕಳು ಬಿಡಿಸಿದ ಚಿತ್ರ, ಅಡುಗೆಮನೆಯ ಸಾಲು ತಟ್ಟೆ, ಹಿಂದಿನಿಂದ ತೆಗೆದ ಆಟದ ಚಿತ್ರ ಹಾಕಿ. ಈಗಾಗಲೇ ಹಾಕಿದ್ದನ್ನು ನಿಮ್ಮ ಪುಟದಿಂದಲೂ, ಕ್ರೌಡ್‌ಫಂಡಿಂಗ್ ತಾಣದಿಂದಲೂ, ಹಂಚಿಕೊಂಡ ವಾಟ್ಸಾಪ್ ಗುಂಪುಗಳಿಂದಲೂ ತೆಗೆಸಿ. ತಾಣದವರು ತಡಮಾಡಿದರೆ ಅವರ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ ಅದರ ಪ್ರತಿ ಇಟ್ಟುಕೊಳ್ಳಿ.